ಮಂಗನ ಮಾತಿಗೆ ಕಿವಿಗೊಟ್ಟವರು

ನಮ್ಮ ಗಾದೆಗಳಲ್ಲಿ ಮಂಗನಿಗೆ ಒಳ್ಳೆಯ ಹೆಸರಿಲ್ಲ. ಬೆಲೆ ಗೊತ್ತಿಲ್ಲದವರ ಕೈಗೆ ಬೆಲೆಬಾಳುವ ವಸ್ತು ಸಿಕ್ಕರೆ ‘ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ’ ಎನ್ನುತ್ತೇವೆ. ಕೋತಿ ತಾನು ಕೆಟ್ಟಿದ್ದು ಸಾಲದು ಅಂತ ವನವನ್ನೆಲ್ಲ ಕೆಡಿಸಿತು ಎನ್ನುತ್ತೇವೆ. ಮನೆಯಲ್ಲಿ ಗಲಾಟೆ ಜಾಸ್ತಿಯಾದರೆ ‘ಏನದು ಕೋತಿಗಳ ಹಾಗೆ ಕಿರುಚಾಟ’ ಎಂದು ನಿಮ್ಮ ಅಮ್ಮಂದಿರೂ ಒಮ್ಮೆಯಾದರೂ ಗದರಿರುತ್ತಾರೆ. ಕೋತಿಯ ಕಿರುಚಾಟಕ್ಕೆ ಅರ್ಥವಿಲ್ಲ ಎಂದು ನಾವು ಕೇಳುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ರಾಮಾಯಣದಲ್ಲಿ ಮಾತ್ರ ಇದಕ್ಕೆ ಪೂರ್ತಿ ವಿರುದ್ಧ. ಕಿಷ್ಕಿಂಧೆಯ ಮೊದಲ ಭೇಟಿಯಲ್ಲೇ ರಾಮ ಮೆಚ್ಚುವುದು ಹನುಮಂತನ ಬಲವನ್ನಲ್ಲ, ಅವನ ಮಾತಿನ ಶುದ್ಧಿಯನ್ನು.

ಹಾಗಾದರೆ ಕಾಡಿನ ನಿಜವಾದ ಮಂಗ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ? ಅದರ ಕೂಗಿಗೆ ಅರ್ಥವಿದೆಯೇ? ಇದ್ದರೆ ಅದನ್ನು ನಾವು ತಿಳಿಯುವುದು ಹೇಗೆ? ಈ ಪ್ರಶ್ನೆಗಳ ಹಿಂದೆ 130 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ರೇಡಿಯೋದವರಾದ ನಮಗೆ ಇದು ಹತ್ತಿರದ ಕಥೆ, ಏಕೆಂದರೆ ಇದರ ನಾಯಕ ಒಂದು ಸ್ಪೀಕರ್.

ಕಥೆಗೆ ಮುಂಚೆ ಆ ಕಾಲದ ವಾತಾವರಣವನ್ನು ಸ್ವಲ್ಪ ನೋಡೋಣ. ಋಗ್ವೇದವನ್ನು ಸಂಪಾದಿಸಿ ಮುದ್ರಿಸಿದ ಮ್ಯಾಕ್ಸ್ ಮುಲ್ಲರ್ ಅವರ ಹೆಸರನ್ನು ನೀವು ಕೇಳಿರಬಹುದು. 1861ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಅವರು, ಮಾತು ಎಂಬುದು ಮನುಷ್ಯನಿಗೂ ಪ್ರಾಣಿಗೂ ನಡುವಿನ ಗಡಿ, ಅದನ್ನು ಯಾವ ಪ್ರಾಣಿಯೂ ದಾಟಲಾರದು ಎಂದು ವಾದಿಸಿದರು. 1866ರಲ್ಲಿ ಪ್ಯಾರಿಸ್ಸಿನ ಭಾಷಾಶಾಸ್ತ್ರ ಸಂಘವು ಭಾಷೆಯ ಹುಟ್ಟಿನ ಬಗ್ಗೆ ಪ್ರಬಂಧಗಳನ್ನೇ ಸ್ವೀಕರಿಸುವುದಿಲ್ಲ ಎಂದು ನಿಯಮ ಮಾಡಿಕೊಂಡಿತು. ಪುರಾವೆ ಸಿಗದ ವಿಷಯದಲ್ಲಿ ಎಲ್ಲರೂ ಬಾಯಿಗೆ ಬಂದದ್ದನ್ನು ಬರೆಯುತ್ತಿದ್ದರು, ಅದು ಸಾಕಾಗಿತ್ತು. ಡಾರ್ವಿನ್ ಮಾತ್ರ 1871ರಲ್ಲಿ ಬೇರೆಯದೇ ಮಾತು ಬರೆದರು. ಯಾವುದೋ ಜಾಣ ವಾನರ ಕ್ರೂರ ಮೃಗದ ಗುರುಗುಟ್ಟುವಿಕೆಯನ್ನು ಅನುಕರಿಸಿ ತನ್ನವರಿಗೆ ಅಪಾಯವನ್ನು ತಿಳಿಸಿರಬಹುದು, ಭಾಷೆಯ ಕಡೆಗೆ ಅದು ಮೊದಲ ಹೆಜ್ಜೆಯಾಗಿರಬಹುದು ಎಂಬುದು ಅವರ ಊಹೆ. ಆಗ್ನೇಯ ಏಷ್ಯಾದ ಗಿಬ್ಬನ್ ಎಂಬ ವಾನರ ಹಾಡುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು. ಆದರೆ ಎರಡೂ ಕಡೆಯವರ ವಾದ ನಡೆಯುತ್ತಿದ್ದದ್ದು ಪುಸ್ತಕಗಳ ನಡುವೆ. ಮಂಗನನ್ನೇ ಕೇಳಿದವರು ಇರಲಿಲ್ಲ.

ಕೇಳಿದವರು ರಿಚರ್ಡ್ ಲಿಂಚ್ ಗಾರ್ನರ್ ಎಂಬ ವರ್ಜೀನಿಯಾದ ಶಾಲಾ ಮೇಷ್ಟ್ರು. ಎಡಿಸನ್ನರ ಫೋನೋಗ್ರಾಫ್ ಆಗ ಹೊಸದು. ಮೇಣದ ಕೊಳವೆಯ ಮೇಲೆ ದನಿಯನ್ನು ಕೊರೆದು, ಅದನ್ನೇ ಮತ್ತೆ ನುಡಿಸುವ ಯಂತ್ರ. 1890ರ ಸುಮಾರಿಗೆ ಗಾರ್ನರ್ ಅದನ್ನು ವಾಷಿಂಗ್ಟನ್ನಿಗೆ ತೆಗೆದುಕೊಂಡು ಹೋದರು. ಒಟ್ಟಿಗೆ ಇದ್ದ ಎರಡು ಮಂಗಗಳನ್ನು ಬೇರೆಬೇರೆ ಕೋಣೆಯಲ್ಲಿ ಇರಿಸಿ, ಒಂದರ ದನಿಯನ್ನು ಮುದ್ರಿಸಿ ಇನ್ನೊಂದಕ್ಕೆ ಕೇಳಿಸಿದರು. ಆ ಮಂಗ ಯಂತ್ರದ ಕಹಳೆಯೊಳಗೆ ಇಣುಕಿತು, ಕೈ ಹಾಕಿ ತನ್ನ ಜೊತೆಗಾರನನ್ನು ಹುಡುಕಿತು ಎಂದು ಅವರು ಬರೆದಿದ್ದಾರೆ. 1892ರಲ್ಲಿ ಅವರ ‘ಮಂಗಗಳ ಮಾತು’ ಎಂಬ ಅರ್ಥದ ಹೆಸರಿನ ಪುಸ್ತಕ ಬಂದು ಬಹಳ ಸುದ್ದಿಯಾಯಿತು. ಅದೇ ವರ್ಷ ಅವರು ಪಶ್ಚಿಮ ಆಫ್ರಿಕಾದ ಗಬಾನಿಗೆ ಹಡಗು ಹತ್ತಿದರು. ಅಲ್ಲಿ ಕಾಡಿನ ನಡುವೆ ಕಬ್ಬಿಣದ ಪಂಜರ ನಿಲ್ಲಿಸಿ, ಪ್ರಾಣಿಗಳನ್ನು ಹೊರಗೆ ಬಿಟ್ಟು, ತಾವೇ ಒಳಗೆ ಕೂತು ಗೊರಿಲ್ಲಾಗಳಿಗೆ ಕಾದರು!

ಒಂದು ಮಾತನ್ನು ಮರೆಯುವಂತಿಲ್ಲ. ಗಾರ್ನರ್ ಅವರ ತಲೆಯಲ್ಲಿ ಒಂದು ಏಣಿ ಇತ್ತು. ಕೆಳಗೆ ಮಂಗ, ಮೇಲೆ ಬಿಳಿಯ ಮನುಷ್ಯ, ಉಳಿದ ಜನಾಂಗಗಳೂ ಅವರ ಭಾಷೆಗಳೂ ನಡುವಿನ ಮೆಟ್ಟಿಲುಗಳಲ್ಲಿ. ಮಂಗನ ಮಾತಿಗೆ ಕಿವಿಗೊಡಲು ಸಮುದ್ರ ದಾಟಿ ಹೋದವರು, ತಮ್ಮ ಪಕ್ಕದ ಮನುಷ್ಯರ ಮಾತನ್ನು ಸಮಾನವೆಂದು ಎಣಿಸಲಿಲ್ಲ. ಯಾರ ದನಿ ಬರೀ ಸದ್ದು, ಯಾರ ದನಿ ಮಾತು ಎಂದು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು ಆಗಲೂ ದೊಡ್ಡ ಪ್ರಶ್ನೆಯಾಗಿತ್ತು. ಕೊನೆಗೆ ಗಾರ್ನರ್ ಹೇಳಿದ್ದೆಲ್ಲ ಬುರುಡೆ ಎಂಬ ಆರೋಪ ಬಂತು, ವಿದ್ವಾಂಸರು ಅವರನ್ನು ದೂರವಿಟ್ಟರು. ಅವರ ಜೊತೆಗೆ, ದನಿ ಮುದ್ರಿಸಿ ಪ್ರಾಣಿಗೇ ಕೇಳಿಸುವ ಒಳ್ಳೆಯ ಉಪಾಯವೂ ಮೂಲೆಗೆ ಬಿತ್ತು.

ನಡುವೆ 1937ರಲ್ಲಿ ಕ್ಲಾರೆನ್ಸ್ ರೇ ಕಾರ್ಪೆಂಟರ್ ಎಂಬ ವಿಜ್ಞಾನಿ ಸಯಾಮ್‌ಗೆ, ಅಂದರೆ ಈಗಿನ ಥಾಯ್ಲೆಂಡಿಗೆ ಹೋಗಿ ಗಿಬ್ಬನ್‌ಗಳ ಹಾಡನ್ನು ಕಾಡಿನಲ್ಲೇ ಮುದ್ರಿಸಿದರು. ಆದರೆ ನಮ್ಮ ಸ್ಪೀಕರ್‌ಗೆ ನಿಜವಾದ ಅದೃಷ್ಟ ಖುಲಾಯಿಸಿದ್ದು ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ.

ಕಿಲಿಮಂಜಾರೊ ಪರ್ವತದ ತಪ್ಪಲಲ್ಲಿ ಅಂಬೊಸೆಲಿ ಎಂಬ ಬಯಲು ಪ್ರದೇಶವಿದೆ. ಅಲ್ಲಿ ವರ್ವೆಟ್ ಎಂಬ ಸಣ್ಣ, ಕಪ್ಪು ಮುಖದ ಮಂಗಗಳು ಗುಂಪುಗಳಲ್ಲಿ ಬದುಕುತ್ತವೆ. 1963–64ರಲ್ಲಿ ಥಾಮಸ್ ಸ್ಟ್ರುಹ್‌ಸೇಕರ್ ಎಂಬ ಯುವಕ ಅವುಗಳ ಹಿಂದೆ ತಿರುಗಿ ಒಂದು ವಿಷಯವನ್ನು ಕಂಡರು. ಚಿರತೆ ಕಂಡರೆ ಒಂದು ಕೂಗು, ಬೊಗಳಿದ ಹಾಗೆ. ಹದ್ದು ಕಂಡರೆ ಇನ್ನೊಂದು, ಕೆಮ್ಮಿದ ಹಾಗೆ. ಹಾವು ಕಂಡರೆ ಮತ್ತೊಂದು, ಚಟಚಟ ಎಂದು. ಕೂಗಿಗೆ ತಕ್ಕಂತೆ ಉಳಿದ ಮಂಗಗಳ ನಡವಳಿಕೆಯೂ ಬೇರೆ. ಚಿರತೆಯ ಕೂಗು ಕೇಳಿದರೆ ಮರ ಹತ್ತುತ್ತವೆ. ಹದ್ದಿನ ಕೂಗು ಕೇಳಿದರೆ ಆಕಾಶ ನೋಡಿ ಪೊದೆಗೆ ನುಗ್ಗುತ್ತವೆ. ಹಾವಿನ ಕೂಗು ಕೇಳಿದರೆ ಹಿಂಗಾಲಿನ ಮೇಲೆ ಎದ್ದು ನಿಂತು ಸುತ್ತ ಹುಲ್ಲನ್ನು ನೋಡುತ್ತವೆ. ಇಲ್ಲಿ ತಪ್ಪು ಉತ್ತರಕ್ಕೆ ಜೀವವೇ ಬೆಲೆ. ಚಿರತೆ ಅಡಗುವುದೇ ಪೊದೆಯಲ್ಲಿ, ಹಾಗಾಗಿ ಆಗ ಪೊದೆಗೆ ಓಡುವಂತಿಲ್ಲ. ಹದ್ದು ಬಂದಾಗ ಮರದ ತುದಿಯಲ್ಲಿ ಕೂರುವಂತಿಲ್ಲ.

ಆದರೂ ಅನುಮಾನ ಉಳಿಯಿತು. ಮಂಗಗಳು ಕೂಗನ್ನು ಅರ್ಥ ಮಾಡಿಕೊಂಡವೋ, ಅಥವಾ ಅವಕ್ಕೂ ಚಿರತೆ ಕಂಡಿತೋ? ಕೂಗಿದವನ ನೋಟ ಹೋದ ಕಡೆ ನೋಡಿದವೋ? ಇದನ್ನು ಬಿಡಿಸಲು 1977ರಲ್ಲಿ ಡೊರೊತಿ ಚೀನಿ, ರಾಬರ್ಟ್ ಸೇಫಾರ್ತ್ ದಂಪತಿ ಅಂಬೊಸೆಲಿಗೆ ಬಂದರು. ಅವರ ಹಿಂದೆ ಇದ್ದವರು ಹಕ್ಕಿಗಳ ಹಾಡಿನ ದೊಡ್ಡ ವಿದ್ವಾಂಸ ಪೀಟರ್ ಮಾರ್ಲರ್. ಉಪಾಯ ಗಾರ್ನರ್ ಅವರದೇ, ಶಿಸ್ತು ಮಾತ್ರ ಹೊಸದು. ಪೊದೆಯೊಳಗೆ ಸ್ಪೀಕರ್ ಅಡಗಿಸಿದರು. ಸುತ್ತಮುತ್ತ ಚಿರತೆಯೂ ಇಲ್ಲ, ಹದ್ದೂ ಇಲ್ಲ ಎಂದು ಖಾತ್ರಿಯಾಗುವ ತನಕ ಕಾದರು. ಆಮೇಲೆ ಆ ಗುಂಪಿನದೇ ಮಂಗದ ಮುದ್ರಿತ ಕೂಗನ್ನು ನುಡಿಸಿ, ಉಳಿದವು ಏನು ಮಾಡುತ್ತವೆ ಎಂದು ಚಿತ್ರೀಕರಿಸಿದರು. ಕೂಗನ್ನು ಉದ್ದ ಮಾಡಿ ನೋಡಿದರು, ಗಿಡ್ಡ ಮಾಡಿ ನೋಡಿದರು, ದನಿ ಏರಿಸಿ ಇಳಿಸಿ ನೋಡಿದರು. ಫಲಿತಾಂಶ ಬದಲಾಗಲಿಲ್ಲ: ಚಿರತೆಯ ಕೂಗಿಗೆ ಮರ, ಹದ್ದಿನ ಕೂಗಿಗೆ ಆಕಾಶ, ಹಾವಿನ ಕೂಗಿಗೆ ನೆಲ. ಕಣ್ಣಿಗೆ ಏನೂ ಕಾಣದಿದ್ದರೂ ಕಿವಿಗೆ ಬಿದ್ದ ಸದ್ದಿನಿಂದಲೇ ಸುದ್ದಿ ತಲುಪಿತ್ತು. 1980ರಲ್ಲಿ ಈ ಪ್ರಬಂಧ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ ದಂಪತಿಯ ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಒಂದು ಮರಿಯ ಅಳುವನ್ನು ಸ್ಪೀಕರ್‌ನಲ್ಲಿ ನುಡಿಸಿದರು. ಹತ್ತಿರದಲ್ಲಿ ಮೂರು ಹೆಣ್ಣು ಮಂಗಗಳು, ಅವುಗಳಲ್ಲಿ ಒಂದು ಆ ಮರಿಯ ತಾಯಿ. ತಾಯಿ ಸ್ಪೀಕರ್ ಇದ್ದ ಕಡೆ ತಿರುಗಿತು. ಉಳಿದ ಎರಡು ಏನು ಮಾಡಿದವು ಗೊತ್ತೇ? ತಾಯಿಯ ಮುಖ ನೋಡಿದವು! ಮದುವೆ ಮನೆಯಲ್ಲಿ ಒಂದು ಮಗು ಅತ್ತರೆ ಎಲ್ಲ ಹೆಂಗಸರೂ ಅದರ ಅಮ್ಮನ ಕಡೆ ತಿರುಗುತ್ತಾರಲ್ಲ, ಹಾಗೆ. ಇದು ಯಾರ ದನಿ, ಅದು ಯಾರ ಮಗು ಎಂಬ ಸಂಬಂಧದ ಲೆಕ್ಕವೆಲ್ಲ ಆ ಒಂದು ನೋಟದಲ್ಲಿ ಇತ್ತು.

ಮರಿಗಳು ಇದನ್ನೆಲ್ಲ ಕಲಿಯುವ ಬಗೆಯೂ ಸೊಗಸು. ಹುಟ್ಟುವಾಗಲೇ ಅವುಗಳಿಗೆ ಒಂದು ಅಂದಾಜು ಇರುತ್ತದೆ. ಹದ್ದಿನ ಕೂಗನ್ನು ಮೇಲಿನಿಂದ ಬರುವುದಕ್ಕೆ ಮಾತ್ರ ಕೂಗುತ್ತವೆ, ಆದರೆ ಕೊಕ್ಕರೆಗೂ ಕೂಗುತ್ತವೆ, ಉದುರುವ ಎಲೆಗೂ ಕೂಗುತ್ತವೆ. ದೊಡ್ಡವು ತಲೆಯೆತ್ತಿ ನೋಡಿ ಸುಮ್ಮನಾಗುತ್ತವೆ. ನಿಜವಾದ ಹದ್ದಿಗೆ ಮರಿ ಕೂಗಿದಾಗ ದೊಡ್ಡವೂ ದನಿಗೂಡಿಸುವುದು ಹೆಚ್ಚು. ಕೂಗು ಕೇಳಿದಾಗ ಮೊದಲು ದೊಡ್ಡವರ ಕಡೆ ನೋಡಿದ ಮರಿಗಳು ಸರಿಯಾದ ಕಡೆ ಓಡುವ ಸಾಧ್ಯತೆ ಹೆಚ್ಚು ಎಂಬುದನ್ನೂ ಈ ದಂಪತಿ ಕಂಡರು.

ಇಲ್ಲಿಂದ ಕಥೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತದೆ. ಐವರಿ ಕೋಸ್ಟಿನ ತಾಯ್ ಕಾಡಿನಲ್ಲಿ ಕ್ಯಾಂಪ್‌ಬೆಲ್ ಮಂಗಗಳಿವೆ. ಅಲ್ಲಿ ನಡೆದ ಅಧ್ಯಯನದ ಫಲ 2009ರಲ್ಲಿ ಬಂತು. ಈ ಮಂಗಗಳ ಗಂಡು ಚಿರತೆಗೆ ‘ಕ್ರಾಕ್’ ಎನ್ನುತ್ತದೆ, ಹದ್ದಿಗೆ ‘ಹೋಕ್’ ಎನ್ನುತ್ತದೆ. ಅದೇ ಕೂಗಿನ ಬಾಲಕ್ಕೆ ‘ಊ’ ಸೇರಿಸಿ ‘ಕ್ರಾಕೂ’ ಎಂದರೆ ಖಚಿತವಾದ ಚಿರತೆ ಹೋಗಿ, ಏನೋ ಗಡಿಬಿಡಿ ಇದೆ ಎಂಬಷ್ಟೇ ಅರ್ಥ ಉಳಿಯುತ್ತದೆ. ಕನ್ನಡ ವ್ಯಾಕರಣ ಓದಿದ ನನಗೆ ಇದನ್ನು ತಿಳಿದಾಗ ಖುಷಿಯಾಯಿತು, ಏಕೆಂದರೆ ನಮ್ಮಲ್ಲೂ ಇಂಥದೊಂದು ಇದೆ. ‘ಹುಲಿ ಬಂತು’ ಎಂದರೆ ಓಡಬೇಕು. ‘ಅಲ್ಲಿ ಹುಲಿಗಿಲಿ ಇರಬಹುದು’ ಎಂದರೆ ಹುಲಿಯೋ ಮತ್ತೇನೋ, ಸ್ವಲ್ಪ ಜೋಪಾನ ಎಂದರ್ಥ. ಒಂದು ‘ಗಿಲಿ’ ಸೇರಿಸಿ ನಾವು ಹುಲಿಯ ಉಗುರನ್ನು ಮೊಂಡು ಮಾಡುತ್ತೇವೆ. ಆ ಮಂಗವೂ ಒಂದು ‘ಊ’ ಸೇರಿಸಿ ಅದನ್ನೇ ಮಾಡುತ್ತದೆ.

ಸಿಯೆರಾ ಲಿಯೋನಿನ ಟಿವಾಯ್ ದ್ವೀಪದಲ್ಲಿ ಇದೇ ಜಾತಿಯ ಮಂಗಗಳಿವೆ, ಆದರೆ ಅಲ್ಲಿ ದಶಕಗಳಿಂದ ಚಿರತೆಯಿಲ್ಲ. ಅಲ್ಲಿ ‘ಕ್ರಾಕ್’ ಎಂಬುದು ಯಾವ ಅಪಾಯಕ್ಕಾದರೂ ಸಲ್ಲುವ ಕೂಗು. ಕೂಗು ಒಂದೇ, ಸೀಮೆ ಬದಲಾದರೆ ಬಳಕೆ ಬೇರೆ. ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ‘ಆಯಿ’ ಎಂದರೆ ಅಮ್ಮ, ವಿಜಯಪುರದ ಕಡೆ ‘ಆಯಿ’ ಎಂದರೆ ಅಜ್ಜಿ. ನಿಮ್ಮ ಗೆಳೆಯರನ್ನು ಕೇಳಿ ನೋಡಿ.

ಕೂಗು ಸರಿ, ಹಾಡಿನ ಮಾತೇನು? ಥಾಯ್ಲೆಂಡಿನ ಖಾವೊ ಯಾಯ್ ಕಾಡಿನಲ್ಲಿ ಗಿಬ್ಬನ್ ಜೋಡಿಗಳು ಬೆಳಗಿನ ಹೊತ್ತು ಜುಗಲ್‌ಬಂದಿ ಹಾಡುತ್ತವೆ. ಸಂಶೋಧಕರು ಚಿರತೆ ಮೊದಲಾದ ಬೇಟೆ ಪ್ರಾಣಿಗಳ ನಕಲಿ ಗೊಂಬೆಗಳನ್ನು ಅವುಗಳಿಗೆ ತೋರಿಸಿದರು. ಗಿಬ್ಬನ್‌ಗಳು ಆಗಲೂ ಹಾಡಿದವು! ಆದರೆ ಹಾಡು ಬೇರೆ. 2006ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸ್ವರಗಳು ಅವೇ, ಜೋಡಣೆ ಮಾತ್ರ ಬೇರೆ. ದೂರದಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿದ್ದ ಗಿಬ್ಬನ್‌ಗಳಿಗೆ ಆ ವ್ಯತ್ಯಾಸ ತಿಳಿಯಿತು, ಅವೂ ಅದಕ್ಕೆ ಹೊಂದುವ ಹಾಡನ್ನೇ ಹಾಡಿದವು. ನಿಮ್ಮಲ್ಲಿ ಕರ್ನಾಟಕ ಸಂಗೀತ ಕಲಿಯುವವರಿಗೆ ಇದು ಹೊಸದಲ್ಲ. ಆರಭಿ, ದೇವಗಾಂಧಾರಿ ಎರಡೂ ರಾಗಗಳಿಗೆ ಸ್ವರಗಳು ಒಂದೇ, ನಡೆ ಬೇರೆ. ಕೇಳಿ ಪಳಗಿದ ಕಿವಿಗೆ ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಸುಮಾತ್ರದ ಗಿಬ್ಬನ್‌ಗಳಲ್ಲಿ ಮಗಳು ತಾಯಿಯ ಜೊತೆ ದನಿಗೂಡಿಸಿ ಹಾಡುತ್ತಾ ಬೆಳೆಯುತ್ತದೆ ಎಂದೂ ಸಂಶೋಧಕರು ಗಮನಿಸಿದ್ದಾರೆ. ಮಡಗಾಸ್ಕರಿನ ಇಂದ್ರಿ ಎಂಬ ಲೀಮರ್ ಹಾಡಿನಲ್ಲಿ ಮನುಷ್ಯರ ಸಂಗೀತದಂಥದೇ ತಾಳದ ಲೆಕ್ಕವಿದೆ ಎಂದು 2021ರಲ್ಲಿ ತಿಳಿಯಿತು. ಭಾರತದಲ್ಲಿಯೂ ಹಾಡುವ ವಾನರವಿದೆ. ಅದು ಈಶಾನ್ಯದ ಹೂಲಾಕ್ ಗಿಬ್ಬನ್, ಅಸ್ಸಾಮಿನ ಜೋರ್ಹಾಟ್ ಜಿಲ್ಲೆಯ ಹೊಲ್ಲಂಗಾಪರ್ ಅಭಯಾರಣ್ಯದಲ್ಲಿ ಅದರ ಹಾಡು ಕೇಳಬಹುದು. ಆ ಪುಟ್ಟ ಕಾಡನ್ನು ಒಂದು ರೈಲುಹಳಿ ಸೀಳಿಕೊಂಡು ಹೋಗುತ್ತದೆ. ಮರದಿಂದ ಮರಕ್ಕೆ ತೂಗಿಕೊಂಡೇ ಓಡಾಡುವ ಜೀವಕ್ಕೆ ಆ ಹಳಿ ಒಂದು ಗಡಿ.

ಇಷ್ಟು ಕೇಳಿ ಮಂಗಗಳಿಗೆ ನಮ್ಮಂಥದೇ ಭಾಷೆಯಿದೆ ಎಂದುಕೊಳ್ಳಬೇಡಿ. 2015ರಲ್ಲಿ ವರ್ವೆಟ್‌ಗಳ ಕೂಗುಗಳನ್ನು ಮತ್ತೆ ಅಳೆದು ನೋಡಿದಾಗ, ಗಂಡು ಮಂಗಗಳ ಚಿರತೆಯ ಕೂಗು ಅವು ಜಗಳದಲ್ಲಿ ಹಾಕುವ ಕೂಗಿಗೆ ಬಹಳ ಹತ್ತಿರ ಎಂದು ಕಂಡಿತು. ಅಂದರೆ ಸಂದರ್ಭವನ್ನೂ ಸೇರಿಸಿಕೊಂಡು ಅರ್ಥವನ್ನು ಪೂರ್ತಿ ಮಾಡುವುದು ಕೇಳುವವರ ಕೆಲಸ. ಕೂಗುವ ಮಂಗಕ್ಕೆ ‘ಇವರಿಗೆ ತಿಳಿಸಬೇಕು’ ಎಂಬ ಉದ್ದೇಶ ಇದೆಯೇ ಎಂಬುದರ ಮೇಲೂ ವಾದವಿದೆ. ಉಗಾಂಡಾದ ಬುಡೊಂಗೊ ಕಾಡಿನ ಚಿಂಪಾಂಜಿಗಳು, ಹಾವನ್ನು ಇನ್ನೂ ನೋಡದ ಜೊತೆಗಾರರು ಇದ್ದಾಗ ಹೆಚ್ಚು ಕೂಗುತ್ತವೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಎಲ್ಲ ಮಂಗಗಳ ಬಗ್ಗೆಯೂ ಹಾಗೆ ಹೇಳಲಾಗುವುದಿಲ್ಲ.

ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ವಿಷಯ: ಮಂಗಗಳ ಬಾಯಿ ಚಿಕ್ಕದು, ಕಿವಿ ದೊಡ್ಡದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜಪಾನಿ ಮಕಾಕ್ ಮರಿಗಳನ್ನು ರೀಸಸ್ ತಾಯಂದಿರ ಮಡಿಲಿಗೂ, ರೀಸಸ್ ಮರಿಗಳನ್ನು ಜಪಾನಿ ತಾಯಂದಿರ ಮಡಿಲಿಗೂ ಬದಲಾಯಿಸಿ ಬೆಳೆಸಿದರು. ಬೆಳೆದ ಮೇಲೂ ಮರಿಗಳು ಹೆಚ್ಚಾಗಿ ತಮ್ಮ ಹುಟ್ಟು ಜಾತಿಯ ಕೂಗನ್ನೇ ಕೂಗಿದವು. ಆದರೆ ಸಾಕುತಾಯಿ ಮರಿಯ ದನಿಯನ್ನೂ, ಮರಿ ಸಾಕುತಾಯಿಯ ದನಿಯನ್ನೂ ಗುರುತು ಹಿಡಿಯಲು ಕಲಿತವು. ಸೆನೆಗಲ್‌ನಲ್ಲಿ ವರ್ವೆಟ್‌ಗಳ ದಾಯಾದಿಗಳಾದ ಹಸಿರು ಮಂಗಗಳ ತಲೆಯ ಮೇಲೆ ಸಂಶೋಧಕರು ಡ್ರೋನ್ ಹಾರಿಸಿದರು. ಹಿಂದೆಂದೂ ಕಾಣದ ಆ ವಸ್ತುವಿಗೆ ಅವು ಕೂಗಿದ ಕೂಗು, ಪೂರ್ವ ಆಫ್ರಿಕಾದ ವರ್ವೆಟ್‌ಗಳ ಹದ್ದಿನ ಕೂಗನ್ನೇ ಹೋಲುತ್ತಿತ್ತು. ಎರಡೂ ವಂಶಗಳು ಬೇರೆಯಾಗಿ ಲಕ್ಷಾಂತರ ವರ್ಷಗಳಾದರೂ ಬಾಯಿ ಬದಲಾಗಿರಲಿಲ್ಲ. ಕಿವಿ ಮಾತ್ರ ಬಹಳ ಚುರುಕು. ಒಂದೆರಡು ಸಲ ಡ್ರೋನ್ ಕಂಡದ್ದೇ ಸಾಕಾಯಿತು, ಆಮೇಲೆ ಅದರ ಸದ್ದನ್ನು ಸ್ಪೀಕರ್‌ನಲ್ಲಿ ಕೇಳಿಸಿದರೂ ಆಕಾಶ ನೋಡಿದವು. ಇದು 2019ರ ಪ್ರಕಟಣೆ.

ನಮ್ಮ ಕನ್ನಡ ಸಂಘಗಳಲ್ಲಿ ನಿಮ್ಮಲ್ಲಿ ಎಷ್ಟೋ ಜನ ಹೇಳುವ ಮಾತು ಇದು: ‘ಆಂಟಿ, ಕನ್ನಡ ಅರ್ಥ ಆಗತ್ತೆ, ಮಾತಾಡಕ್ಕೆ ಬರಲ್ಲ.’ ಹೇಳುವಾಗ ಧ್ವನಿಯಲ್ಲಿ ಸ್ವಲ್ಪ ಸಂಕೋಚವಿರುತ್ತದೆ, ಕೇಳುವ ದೊಡ್ಡವರ ಮುಖದಲ್ಲಿ ಸ್ವಲ್ಪ ಬೇಸರವಿರುತ್ತದೆ. ಎರಡೂ ಬೇಕಿಲ್ಲ. ಅರ್ಥವಾಗುವುದು ಸಣ್ಣ ವಿಷಯವಲ್ಲ. ಅಂಬೊಸೆಲಿಯಲ್ಲಿ ಜೀವ ಉಳಿಸುತ್ತಿದ್ದದ್ದು ಕೂಗಿದವನ ಜಾಣತನಕ್ಕಿಂತ ಕೇಳಿದವನ ಕಿವಿ. ಅಜ್ಜಿಯ ಫೋನಿನಲ್ಲಿ ‘ಹೂಂ, ಆರಾಮಿದೀನಿ’ ಎಂಬ ಮಾತಿನ ಹಿಂದೆ ಆರಾಮಿಲ್ಲದ್ದನ್ನು ಕೇಳಿಸಿಕೊಳ್ಳುವ ಕಿವಿ ನಿಮಗಿದ್ದರೆ, ಭಾಷೆಯ ದೊಡ್ಡ ಪಾಲು ಆಗಲೇ ನಿಮ್ಮದು. ಆದರೆ ಡೇವಿಸ್‌ನ ಮರಿಗಳಿಗೂ ನಿಮಗೂ ಒಂದು ವ್ಯತ್ಯಾಸವಿದೆ. ಅವುಗಳ ಬಾಯಿಗೆ ಹುಟ್ಟೇ ಬೀಗ ಹಾಕಿತ್ತು. ನಿಮ್ಮ ಬಾಯಿಗೆ ಅಂಥ ಬೀಗವಿಲ್ಲ. ಮನುಷ್ಯರ ಮರಿ ಯಾವ ಮಡಿಲಲ್ಲಿ ಬೆಳೆದರೆ ಆ ಮಡಿಲಿನ ಮಾತು ಕಲಿಯುತ್ತದೆ, ಎರಡು ಮಡಿಲಿದ್ದರೆ ಎರಡನ್ನೂ ಕಲಿಯುತ್ತದೆ. ಮೊದಮೊದಲು ಉದುರುವ ಎಲೆಗೆ ಹದ್ದು ಎಂದರೂ ಚಿಂತೆಯಿಲ್ಲ. ಸುತ್ತಲಿನ ದೊಡ್ಡವರು ನಗದೆ, ಸರಿಯಾದಾಗ ದನಿಗೂಡಿಸಿದರೆ ಸಾಕು. ಆ ಪಾಠ ನಮಗೆ, ದೊಡ್ಡವರಿಗೆ.

ಕರ್ನಾಟಕದ ಕಾಡಿನವರಿಗೆ ಈ ಕಿವಿಯ ವಿದ್ಯೆ ಹಳೆಯದು. ಬಂಡೀಪುರ, ನಾಗರಹೊಳೆಗಳಲ್ಲಿ ಮರದ ಮೇಲಿನ ಮುಸಿಯ, ಅಂದರೆ ಕಪ್ಪು ಮುಖದ ಉದ್ದ ಬಾಲದ ಲಂಗೂರ್, ಹುಲಿ ಚಿರತೆಗಳನ್ನು ಕಂಡು ಕೂಗಿದರೆ ಕೆಳಗೆ ಮೇಯುವ ಜಿಂಕೆಗಳು ಕಿವಿ ನಿಮಿರಿಸುತ್ತವೆ. ಮುಸಿಯ, ಕಡವೆಗಳ ಎಚ್ಚರಿಕೆಯ ಕೂಗು ನಮ್ಮ ಸಾಮಾನ್ಯ ಕೋತಿಗೂ ಅರ್ಥವಾಗುತ್ತದೆ ಎಂದು ದಕ್ಷಿಣ ಭಾರತದಲ್ಲಿ ಸ್ಪೀಕರ್ ಇಟ್ಟು ಮಾಡಿದ ಪ್ರಯೋಗಗಳು ತೋರಿಸಿವೆ. 2018ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು ಬಂಡೀಪುರದ ಕೋತಿಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿನ ಕೆಲವು ಕೋತಿಗಳು ಪ್ರವಾಸಿಗಳ ಕೈಯಲ್ಲಿ ತಿಂಡಿ ಕಂಡರೆ ‘ಕೂ’ ಎಂದು ದನಿ ಮಾಡುತ್ತವೆ, ಕೈ ಚಾಚುತ್ತವೆ, ನಮ್ಮ ಮುಖ ನೋಡಿ ಕಾಯುತ್ತವೆ. ತಮ್ಮ ತಮ್ಮಲ್ಲಿ ಬಳಸುವ ದನಿಯನ್ನು ಬೇರೆ ಜಾತಿಯ ಪ್ರಾಣಿಯ, ಅಂದರೆ ನಮ್ಮ ಜೊತೆ ಮಾತಿಗೆ ಬಳಸುತ್ತಿವೆ ಎಂಬುದು ಅವರ ಶೋಧ.

ಮುಂದಿನ ಸಲ ಊರಿಗೆ ಹೋದಾಗ ನೀವೂ ಸಫಾರಿಗೆ ಹೋಗುತ್ತೀರಿ. ದಯವಿಟ್ಟು ಕೋತಿಗೆ ಚಿಪ್ಸ್ ಕೊಡಬೇಡಿ, ಅದು ಅವಕ್ಕೆ ಒಳ್ಳೆಯದಲ್ಲ. ದಾರಿಯಲ್ಲಿ ಎಲ್ಲೋ ಮೇಲಿನಿಂದ ಮುಸಿಯದ ಗಂಟಲು ಕೇಳಿಸುತ್ತದೆ. ಜೀಪಿನ ಚಾಲಕ ಏನೂ ಹೇಳದೆ ಎಂಜಿನ್ ಆರಿಸುತ್ತಾನೆ. ಆಗ ನೀವು ಫೋನ್ ಕೆಳಗಿಟ್ಟು, ಅವನು ನೋಡುವ ಕಡೆ ನೋಡಿ. ಅವನಿಗೆ ಆ ಕೂಗು ಅರ್ಥವಾಗಿದೆ.